ನಾಗಸಾಕಿಯ ಅಡುಗೆಮನೆಯಲ್ಲಿ

ನಾಗಸಾಕಿ ಎಂದೊಡನೆ ನಮಗೆಲ್ಲ ನೆನಪಾಗುವುದು 1945ರ ಆಗಸ್ಟ್ 9ರ ಅಣುಬಾಂಬು. ಆದರೆ ಆ ಊರಿಗೂ ನಮಗೂ ಅದಕ್ಕಿಂತ ಬಹಳ ಹಳೆಯ ನಂಟು ಇದೆ. ಗೋವೆಯಲ್ಲಿ ದೀಕ್ಷಾಸ್ನಾನ ಪಡೆದ ಅಂಜಿರೋ ಎಂಬ ಜಪಾನೀಯನನ್ನು ಜೊತೆಗೆ ಕರೆದುಕೊಂಡು ಸಂತ ಫ್ರಾನ್ಸಿಸ್ ಝೇವಿಯರ್ 1549ರಲ್ಲಿ ಜಪಾನಿಗೆ ಹೋದರು. ನಮ್ಮ ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯ 1597ರ ಫೆಬ್ರವರಿ 5ರಂದು ನಾಗಸಾಕಿಯ ನಿಶಿಝಾಕ ಗುಡ್ಡದ ಮೇಲೆ ಇತರ 25 ಮಂದಿಯೊಡನೆ ಶಿಲುಬೆಯ ಮೇಲೆ ಪ್ರಾಣ ಕೊಟ್ಟರು. ರೈಲು ನಿಲ್ದಾಣದಿಂದ ಸ್ವಲ್ಪ ದೂರ ಏರು ಹತ್ತಿದರೆ ಆ ಗುಡ್ಡ ಸಿಗುತ್ತದೆ. ಕಂಚಿನಲ್ಲಿ ಎರಕ ಹೊಯ್ದ 26 ಜನರೂ ಅಲ್ಲಿ ಸಾಲಾಗಿ ನಿಂತಿದ್ದಾರೆ.

ಅಲ್ಲಿಂದ ಇಳಿದು ಟ್ರಾಮ್ ಹತ್ತಿದರೆ ಶಿಂಚಿ ಎಂಬ ಚೀನೀಯರ ಕೇರಿ. ಅಲ್ಲಿ ಹಂದಿಮಾಂಸದ ದಪ್ಪ ತುಂಡನ್ನು ಸೋಯಾ ಸಾಸಿನಲ್ಲಿ ಗಂಟೆಗಟ್ಟಲೆ ಬೇಯಿಸಿ, ಹಬೆಯಲ್ಲಿ ಬೆಂದ ಬಿಳಿ ಬನ್ನಿನೊಳಗಿಟ್ಟು ಕೊಡುತ್ತಾರೆ. ಅದಕ್ಕೆ ಕಾಕುನಿ ಎಂದು ಹೆಸರು. ಸನ್ನದ ಜೊತೆ ಹಂದಿ ಪದಾರ್ಥ ತಿಂದು ಬೆಳೆದ ನಮ್ಮ ಕರಾವಳಿಯವರಿಗೆ ಅದು ಹೊಸ ರುಚಿ ಅನ್ನಿಸುವುದೇ ಇಲ್ಲ.

ಈ ಮಾಂಸದ ಹಿಂದೆ ದೊಡ್ಡ ಕಥೆಯಿದೆ. ಜಪಾನಿನ ಚಕ್ರವರ್ತಿ ತೆಮ್ಮು 675ರಲ್ಲಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ನಿಷೇಧಿಸಿದ. ಹಂದಿ ಆ ಪಟ್ಟಿಯಲ್ಲಿರಲಿಲ್ಲ. ಆದರೂ ಕಾಲ ಕಳೆದಂತೆ ಸಾಕುಪ್ರಾಣಿಗಳ ಮಾಂಸವೆಂದರೆ ಜನ ಅಸಹ್ಯಪಡತೊಡಗಿದರು. 1587ರಲ್ಲಿ ದೊರೆ ಹಿದೆಯೋಶಿ ಧರ್ಮಪ್ರಚಾರಕರನ್ನು ಹೊರಹಾಕಲು ಹೊರಟಾಗ ಕೇಳಿದ ಪ್ರಶ್ನೆಗಳಲ್ಲಿ ಒಂದು, 'ಮನುಷ್ಯರಿಗೆ ದುಡಿಯುವ ದನ ಕುದುರೆಗಳನ್ನು ಏಕೆ ತಿನ್ನುತ್ತೀರಿ?' ಎಂಬುದಾಗಿತ್ತು. ತಟ್ಟೆಯಲ್ಲಿದ್ದದ್ದೇ ಆರೋಪವಾಯಿತು.

ಯೇಸುಸಭೆಯ ಹಿರಿಯ ಗುರು ಅಲೆಸ್ಸಾಂದ್ರೊ ವಲಿಞಾನೊ 1579ರಲ್ಲಿ ಜಪಾನಿಗೆ ಬಂದವರು, ಇದನ್ನು ಮೊದಲೇ ಮನಗಂಡಿದ್ದರು. ಗುರುಗಳು ಜಪಾನೀಯರಂತೆಯೇ ಉಣ್ಣಬೇಕು, ಗುರುಮನೆಗಳ ಅಂಗಳದಲ್ಲಿ ಹಂದಿ ಆಡುಗಳನ್ನು ಸಾಕಬಾರದು ಎಂದು ಅವರು ಕಟ್ಟಳೆ ಮಾಡಿದರು. ಹಂದಿ ತಿನ್ನುವುದು ಪಾಪವೆಂದು ಅವರು ಭಾವಿಸಿರಲಿಲ್ಲ. ನೆರೆಯವರ ಮನಸ್ಸು ನೋಯಬಾರದೆಂಬುದಷ್ಟೇ ಅವರ ಕಾಳಜಿ.

ಮುಂದೆ 1614ರಲ್ಲಿ ಕ್ರೈಸ್ತ ಧರ್ಮವೇ ನಿಷಿದ್ಧವಾಯಿತು. ನಾಗಸಾಕಿಯಲ್ಲಿ ನೆಲೆಸಿದ ಚೀನೀ ವರ್ತಕರು ಹಂದಿಮಾಂಸದ ಅಡುಗೆಯನ್ನು ಉಳಿಸಿಕೊಂಡರು. 1872ರಲ್ಲಿ ಚಕ್ರವರ್ತಿ ಮೇಯ್ಜಿ ತಾನೇ ದನದ ಮಾಂಸ ತಿಂದ ಸುದ್ದಿ ಹೊರಬಿದ್ದ ಮೇಲೆ ಜನರ ಹಿಂಜರಿಕೆ ಕಡಿಮೆಯಾಯಿತು. ಮರುವರ್ಷ ಕ್ರೈಸ್ತರ ಮೇಲಿನ ನಿಷೇಧವೂ ಸಡಿಲವಾಯಿತು.

ಇಂದು ಅಲ್ಲಿನ ಮನೆಗಳಲ್ಲಿ ಸುಲಭವಾಗಿ ಮಾಡುವ ಅಡುಗೆಗಳಲ್ಲಿ ತೆರಿಯಾಕಿ ಒಂದು. ತೆರಿ ಎಂದರೆ ಹೊಳಪು, ಯಾಕಿ ಎಂದರೆ ಸುಡುವುದು. ಜಪಾನಿನಲ್ಲಿ ಇದನ್ನು ಹೆಚ್ಚಾಗಿ ಮೀನಿಗೆ, ಕೋಳಿಗೆ ಬಳಸುತ್ತಾರೆ. ಹಂದಿಯ ದಪ್ಪ ಚಾಪ್ಸ್‌ಗೆ ಬಳಸುವ ರೂಢಿ ಹವಾಯಿ, ಅಮೆರಿಕಗಳಿಗೆ ವಲಸೆ ಹೋದವರ ನಡುವೆ ಬೆಳೆಯಿತು.

ನಮ್ಮ ಮನೆಗಳಲ್ಲೂ ಇದನ್ನು ಮಾಡಬಹುದು. ಎಲುಬಿನ ಸಮೇತ ಬೆರಳು ದಪ್ಪದ ನಾಲ್ಕು ಚಾಪ್ಸ್ ತನ್ನಿ. ನೀರು ಒರೆಸಿ, ಅಂಚಿನ ಕೊಬ್ಬಿಗೆ ಎರಡು ಮೂರು ಕಡೆ ಕತ್ತಿ ತಾಗಿಸಿ. ಇಲ್ಲದಿದ್ದರೆ ಬಾಣಲೆಯಲ್ಲಿ ಸುರುಳಿಕೊಳ್ಳುತ್ತವೆ. ನಾಲ್ಕು ಚಮಚ ಸೋಯಾ ಸಾಸ್, ನಾಲ್ಕು ಚಮಚ ನೀರು, ಎರಡು ಚಮಚ ಸಕ್ಕರೆ, ಒಂದು ಚಮಚ ವಿನೆಗರ್, ತುರಿದ ಶುಂಠಿ ಕಲಸಿಡಿ. ಜಪಾನೀಯರು ನೀರು, ವಿನೆಗರ್ ಬದಲು ಮಿರಿನ್ ಎಂಬ ಸಿಹಿ ಅಕ್ಕಿಮದ್ಯ ಹಾಕುತ್ತಾರೆ. ಉಪ್ಪು ಬೇಡ, ಸಾಸಿನಲ್ಲೇ ಸಾಕಷ್ಟಿದೆ. ರಕ್ತದೊತ್ತಡ ಇರುವವರು ಸಾಸನ್ನೇ ಅರ್ಧ ಮಾಡಲಿ.

ಸ್ವಲ್ಪ ಎಣ್ಣೆ ಕಾಯಿಸಿ, ಹದವಾದ ಉರಿಯಲ್ಲಿ ಎರಡೂ ಬದಿ ಕೆಂಪಗಾಗುವಂತೆ ಹುರಿದು, ಮುಚ್ಚಳ ಮುಚ್ಚಿ ಒಳಗೆ ಕೆಂಪು ಉಳಿಯದಂತೆ ಚೆನ್ನಾಗಿ ಬೇಯಿಸಿ. ಅರೆಬೆಂದ ಹಂದಿಮಾಂಸದಿಂದ ಲಾಡಿಹುಳು ಬರಬಹುದು, ಆದ್ದರಿಂದ ಇದರಲ್ಲಿ ಅವಸರ ಸಲ್ಲದು. ಹೆಚ್ಚಿನ ಕೊಬ್ಬನ್ನು ಬಸಿದು, ಕಲಸಿಟ್ಟದ್ದನ್ನು ಕೊನೆಗೆ ಸುರಿಯಿರಿ. ಮೊದಲೇ ಸುರಿದರೆ ಸಕ್ಕರೆ ಸೀದು ಕಹಿಯಾಗುತ್ತದೆ. ಎರಡು ಮೂರು ನಿಮಿಷ ತಿರುವಿ ಹಾಕುತ್ತಿದ್ದರೆ ರಸ ಗಟ್ಟಿಯಾಗಿ ಮಾಂಸಕ್ಕೆ ಅಂಟಿಕೊಂಡು ಹೊಳೆಯುತ್ತದೆ. ಬಿಸಿ ಅನ್ನದ ಜೊತೆ ಬಡಿಸಿ.

ಗಡಿಯೂರುಗಳಲ್ಲಿರುವ ನಮಗೆ ವಲಿಞಾನೊ ಅವರ ಮಾತು ಇಂದಿಗೂ ಬೇಕು. ಸೊಲ್ಲಾಪುರವಾಗಲಿ, ತಾಳವಾಡಿಯಾಗಲಿ, ಕಾಸರಗೋಡಾಗಲಿ, ಗೋಡೆಯಾಚೆ ಹಂದಿ ಮುಟ್ಟದವರು, ಮಾಂಸವನ್ನೇ ತಿನ್ನದವರು ಇರುತ್ತಾರೆ. ನಮ್ಮ ಊಟದ ಬಗ್ಗೆ ನಾವು ನಾಚಬೇಕಾಗಿಲ್ಲ. ಸಂತ ಪೌಲರೂ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಇದೇ ವಿಷಯವನ್ನು ಚರ್ಚಿಸಿದ್ದಾರೆ: ತಿನ್ನುವ ಸ್ವಾತಂತ್ರ್ಯ ನಮಗಿದೆ, ಆದರೆ ಅದು ಸಹೋದರನಿಗೆ ಎಡವುಗಲ್ಲಾಗಬಾರದು. ಹಬ್ಬದ ದಿನ ನಾವು ಚಾಪ್ಸ್ ಮಾಡೋಣ, ಪಕ್ಕದ ಮನೆಯವರಿಗೆ ಬೇರೆ ಪಾತ್ರೆಯಲ್ಲಿ ಮಾಡಿದ ಪಾಯಸವನ್ನೋ ಒಂದು ಡಜನ್ ಬಾಳೆಹಣ್ಣನ್ನೋ ಕಳುಹಿಸೋಣ. ಅವರು ನಮ್ಮ ಮೇಜಿಗೆ ಬರಲಾಗದಿದ್ದರೂ ನಮ್ಮ ಹಬ್ಬದಲ್ಲಿ ಪಾಲು ಪಡೆದಂತಾಗುತ್ತದೆ.