ನೀರಿನಡಿಯ ಶಲ್ಯ

ಶಲ್ಯವೆಂದರೆ ಮೈಯೊಳಗೆ ಮುರಿದು ಉಳಿದ ಮುಳ್ಳು. ಮೇಲಿನ ಚರ್ಮ ಕೂಡಿಕೊಂಡರೂ ಒಳಗಿನ ಕೀವು ಆರುವುದಿಲ್ಲ. ವ್ರತಿಯಾದವನು ನಿಃಶಲ್ಯನಾಗಿರಬೇಕೆಂದು ತತ್ತ್ವಾರ್ಥಸೂತ್ರವು ವಿಧಿಸುತ್ತದೆ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳಲ್ಲಿ ಮೊದಲನೆಯದು ಒಳಗೊಂದು ಹೊರಗೊಂದಾಗಿ ಬದುಕುವ ಕಪಟ. ಅದು ಒಬ್ಬ ವ್ಯಕ್ತಿಯಲ್ಲಿ ನಾಟಿದಾಗಿನ ಯಾತನೆ ಸ್ವಾಧ್ಯಾಯಶೀಲರಿಗೆ ತಿಳಿದದ್ದೇ. ಒಂದು ಇಡೀ ಊರಿನಲ್ಲಿ ನಾಟಿದರೆ ಏನಾದೀತೆಂಬುದನ್ನು ತೋರಿಸುವ ಇಂಗ್ಲಿಷ್ ಕಾದಂಬರಿಯೊಂದು ಆಸ್ಟ್ರೇಲಿಯದಲ್ಲಿ 2009ರಲ್ಲಿ ಪ್ರಕಟವಾಯಿತು. ಅದು ಕ್ರೇಗ್ ಸಿಲ್ವಿ ಬರೆದ ‘ಜ್ಯಾಸ್ಪರ್ ಜೋನ್ಸ್’.

ಪುಸ್ತಕದಂಗಡಿಯವರು ಇದನ್ನು ಅಪರಾಧದ ಕಾದಂಬರಿಗಳ ಸಾಲಿನಲ್ಲಿಡಬಹುದು. ಶ್ರಾವಕನು ದೂರವಿಡಬೇಕಾದ ವಿಕಥೆಗಳಲ್ಲಿ ಚೋರಕಥೆಯೂ ಒಂದಾಗಿರುವಾಗ ಇಂಥದ್ದನ್ನು ಓದುವುದೇಕೆಂದು ಹಿರಿಯರು ಕೇಳಬಹುದು. ಆದರೆ ಜನ್ನನ ‘ಯಶೋಧರ ಚರಿತೆ’ಯಲ್ಲಿ ಜಾರತ್ವವಿಲ್ಲವೆ, ವಿಷವಿಲ್ಲವೆ, ಕೊಲೆಯಿಲ್ಲವೆ? ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವನ್ನು ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರದಲ್ಲಿ ಉಣ್ಣುತ್ತಾರೆ. ಪಾಪದ ವರ್ಣನೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದರ ಮೇಲೆ ಅದು ವಿಕಥೆಯೋ ಸತ್ಕಥೆಯೋ ಎಂಬುದು ನಿರ್ಣಯವಾಗಬೇಕು.

ಕಥೆ ನಡೆಯುವುದು 1965ರ ಬೇಸಿಗೆಯಲ್ಲಿ, ಪಶ್ಚಿಮ ಆಸ್ಟ್ರೇಲಿಯದ ಕಾರಿಗನ್ ಎಂಬ ಕಲ್ಪಿತ ಗಣಿ ಊರಿನಲ್ಲಿ. ಹದಿಮೂರು ವರ್ಷದ ಚಾರ್ಲಿ ಬಕ್ಟಿನ್ ಪುಸ್ತಕದ ಹುಳು. ಒಂದು ರಾತ್ರಿ ಅವನ ಕಿಟಕಿಯನ್ನು ಜ್ಯಾಸ್ಪರ್ ಜೋನ್ಸ್ ತಟ್ಟುತ್ತಾನೆ. ಜ್ಯಾಸ್ಪರನ ತಾಯಿ ಮೂಲನಿವಾಸಿ, ತಂದೆ ಬಿಳಿಯ. ಊರಿನಲ್ಲಿ ಏನು ಕಳವಾದರೂ ಏನು ಮುರಿದರೂ ಮೊದಲು ಕೇಳಿಬರುವುದು ಆ ಹುಡುಗನ ಹೆಸರು. ಅವನು ಚಾರ್ಲಿಯನ್ನು ಕಾಡಿನೊಳಗಿನ ತನ್ನ ಗುಪ್ತಸ್ಥಳಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಮರದಲ್ಲಿ ಲಾರಾ ವಿಶಾರ್ಟಳ ದೇಹ ನೇತಾಡುತ್ತಿದೆ. ಆಕೆ ಊರಿನ ಸ್ಥಳೀಯ ಆಡಳಿತ ಮಂಡಳಿಯ ಅಧ್ಯಕ್ಷನ ಮಗಳು, ಜ್ಯಾಸ್ಪರನ ಗುಟ್ಟಿನ ಗೆಳತಿ. ಪೊಲೀಸರಿಗೆ ತಿಳಿಸಿದರೆ ತನ್ನನ್ನೇ ಅಪರಾಧಿಯೆನ್ನುವರು ಎಂಬ ಜ್ಯಾಸ್ಪರನ ಭಯ ನಿರಾಧಾರವಲ್ಲ. ಇಬ್ಬರು ಬಾಲಕರು ದೇಹವನ್ನಿಳಿಸಿ, ಕಲ್ಲು ಕಟ್ಟಿ, ಪಕ್ಕದ ಮಡುವಿನಲ್ಲಿ ಮುಳುಗಿಸುತ್ತಾರೆ.

ಅಲ್ಲಿಂದ ಮುಂದೆ ಚಾರ್ಲಿ ಸುಳ್ಳಿನಲ್ಲೇ ಬದುಕಬೇಕು. ರಾತ್ರಿ ಮನೆಯಲ್ಲಿಲ್ಲದ್ದು ತಿಳಿದ ತಾಯಿ ಅವನಿಂದ ಹಿತ್ತಲಲ್ಲಿ ಗುಂಡಿ ತೋಡಿಸಿ, ಅದನ್ನೇ ಮತ್ತೆ ಮುಚ್ಚಿಸುತ್ತಾಳೆ. ತಾನು ಎಂಥ ಕೆಲಸದ ನಕಲನ್ನು ಮಗನಿಂದ ಮಾಡಿಸುತ್ತಿದ್ದೇನೆಂಬುದು ಆ ತಾಯಿಗೆ ತಿಳಿಯದು.

ಇಲ್ಲಿ ಸತ್ಯಾಣುವ್ರತದ ಒಂದು ಕಠಿಣ ಪ್ರಶ್ನೆ ಎದುರಾಗುತ್ತದೆ. ಪರರಿಗೆ ವಿಪತ್ತನ್ನು ತರುವ ಮಾತು ಸತ್ಯವಾಗಿದ್ದರೂ ಆಡತಕ್ಕದ್ದಲ್ಲವೆಂಬುದು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರ ಅಭಿಮತ. ಆ ವ್ರತದ ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಎಣಿಸುವಾಗ, ವ್ಯಾಪಾರಿಗಳಿಗೆ ಚೆನ್ನಾಗಿ ಪರಿಚಯವಿರುವ ಸುಳ್ಳು ದಸ್ತಾವೇಜು ಮತ್ತು ನಂಬಿ ಇಟ್ಟ ಠೇವಣಿಯನ್ನು ನುಂಗುವುದರ ಜೊತೆಯಲ್ಲೇ ಅನ್ಯರ ರಹಸ್ಯವನ್ನು ಬಯಲುಮಾಡುವುದನ್ನೂ ಹೇಳಿದೆ. ಗುಟ್ಟೂ ಒಂದು ಠೇವಣಿಯೇ. ಹಾಗಿದ್ದರೆ ಜ್ಯಾಸ್ಪರನ ಗುಟ್ಟನ್ನು ಕಾಯ್ದ ಚಾರ್ಲಿ ನಿರ್ದೋಷಿಯೆನ್ನಬಹುದೆ?

ಆ ರಾತ್ರಿಯ ಮಟ್ಟಿಗೆ ಎನ್ನಬಹುದು. ನಿರಪರಾಧಿಯೊಬ್ಬನ ಪ್ರಾಣ ಆ ಮೌನವನ್ನೇ ಆಶ್ರಯಿಸಿತ್ತು. ಆದರೆ ಕಿರ್ದಿಯಲ್ಲಿ ಬರೆಯದೆ ಬಿಟ್ಟ ಸಾಲಕ್ಕೂ ಬಡ್ಡಿ ಬೆಳೆಯುತ್ತದೆ. ಹಗಲಾದ ಮೇಲೆ ಊರವರು ಹುಡುಗಿಯನ್ನು ಹುಡುಕುತ್ತಾರೆ. ಜ್ಯಾಸ್ಪರನನ್ನು ಠಾಣೆಗೆ ಎಳೆದೊಯ್ದು ಹೊಡೆಯುತ್ತಾರೆ. ಲಾರಾಳ ತಂಗಿ ಎಲೈಜಾಳ ಎದುರಿನಲ್ಲೇ ಚಾರ್ಲಿ ಏನೂ ಅರಿಯದವನಂತೆ ಕುಳಿತುಕೊಳ್ಳುತ್ತಾನೆ. ಎಲೈಜಾಳೂ ಅವನಂತೆಯೇ ಬಾಯಿ ಕಟ್ಟಿಕೊಂಡವಳೆಂಬುದು ತಡವಾಗಿ ತಿಳಿಯುತ್ತದೆ. ಆ ರಾತ್ರಿ ಅಕ್ಕನನ್ನು ಹಿಂಬಾಲಿಸಿಹೋಗಿ, ಅವಳು ಉರುಳಿಗೆ ಕೊರಳೊಡ್ಡಿದ್ದನ್ನು ಈ ಮಗು ಕಂಡಿತ್ತು. ಒಂದೇ ಲೆಕ್ಕದ ಜಮೆಯ ಪುಟ ಒಬ್ಬರಲ್ಲಿ, ಖರ್ಚಿನ ಪುಟ ಇನ್ನೊಬ್ಬರಲ್ಲಿ. ಇಬ್ಬರೂ ಪರಸ್ಪರ ಹೇಳಿಕೊಳ್ಳುವ ಪ್ರಕರಣವೇ ಈ ಕೃತಿಯ ಶ್ರೇಷ್ಠ ಭಾಗ. ಗುರುವಿಲ್ಲದೆ, ಪ್ರಾಯಶ್ಚಿತ್ತದ ವಿಧಿಯ ಅರಿವಿಲ್ಲದೆ ಇಬ್ಬರು ಮಕ್ಕಳು ನಡೆಸಿದ ಆಲೋಚನಾಕ್ರಿಯೆ ಅದು.

ಕೊಂದವರು ಯಾರೂ ಇಲ್ಲವೆಂದಾಯಿತಲ್ಲ ಎಂದು ಪತ್ತೇದಾರಿ ಕಥೆಗಳ ಓದುಗ ನಿರಾಶನಾದಾನು. ಪ್ರಮಾದದಿಂದ, ಕಷಾಯದಿಂದ ಪ್ರಾಣಗಳನ್ನು ನೋಯಿಸುವುದೇ ಹಿಂಸೆಯೆಂಬ ಆಗಮದ ಲಕ್ಷಣವನ್ನು ಬಲ್ಲವನು ಹಾಗೆನ್ನಲಾರ. ಹಗ್ಗ ಹಿಡಿದ ಕೈ ಲಾರಾಳದೇ. ಆದರೆ ಆಕೆ ಬರೆದಿಟ್ಟ ಪತ್ರ ಹೇಳುವುದೇ ಬೇರೆ. ಹೆತ್ತ ತಂದೆಯೇ ಕುಡಿದು ಮಗಳ ಕೋಣೆಗೆ ಬರುತ್ತಿದ್ದ. ಊರಿನ ಸಭೆಗಳಲ್ಲಿ ಅಗ್ರಾಸನದಲ್ಲಿ ಕೂರುತ್ತಿದ್ದ ಮನುಷ್ಯ ಅವನು. ಅವನ ಮೇಲೆ ಯಾರ ಸಂಶಯವೂ ಬೀಳಲಿಲ್ಲ, ಏಕೆಂದರೆ ಸಂಶಯಿಸುವುದಕ್ಕೆ ಊರಿಗೆ ಜ್ಯಾಸ್ಪರನಿದ್ದ. ವಿಯೆಟ್ನಾಂ ಮೂಲದ ಲೂ ಕುಟುಂಬವೂ ಇತ್ತು. ಆಸ್ಟ್ರೇಲಿಯ ತನ್ನ ಪಡೆಯನ್ನು ವಿಯೆಟ್ನಾಂ ಯುದ್ಧಕ್ಕೆ ಕಳಿಸಿದ್ದು ಅದೇ 1965ರಲ್ಲಿ. ಆ ಸಿಟ್ಟನ್ನು ಹೊತ್ತ ಕೆಲವರು ಅನ್ ಲೂ ಎಂಬ ಗೃಹಸ್ಥನ ಹೂದೋಟವನ್ನು ಕಿತ್ತೆಸೆಯುತ್ತಾರೆ. ಅಂದು ಮಾತ್ರ ಚಾರ್ಲಿಯ ಮಿತಭಾಷಿ ತಂದೆ ಮನೆಯಿಂದ ಹೊರಗೋಡಿ ಬಂದು ಅಡ್ಡ ನಿಲ್ಲುತ್ತಾನೆ.

ಕೃತ, ಕಾರಿತ, ಅನುಮೋದಿತ ಎಂದು ಪಾಪವನ್ನು ಮೂರು ಬಗೆಯಾಗಿ ಎಣಿಸುವ ಪದ್ಧತಿಯನ್ನು ಸಾಮಾಯಿಕ ಪಾಠ ಮಾಡುವವರೆಲ್ಲ ಬಾಯಲ್ಲಿ ಹೇಳುತ್ತಾರೆ. ಮೂರನೆಯದರ ಮೇಲೆ ನಾಲಗೆ ಬಹಳ ವೇಗವಾಗಿ ಹರಿದುಹೋಗುತ್ತದೆ. ಬಸದಿಯೊಂದರ ಸುತ್ತ ಇಪ್ಪತ್ತು ಮೂವತ್ತು ಮನೆಗಳು, ಎಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ಬೀಗರು. ಅಂಥ ಕಡೆ ಒಂದು ಹೆಣ್ಣುಮಗು ಬಂಧುವೊಬ್ಬನ ಮೇಲೆ ದೂರು ತಂದರೆ ಮನೆತನದ ಮರ್ಯಾದೆ, ಮುಂದಿನ ಮದುವೆಗಳು ಎಂಬ ಮಾತುಗಳು ಮೊದಲು ಏಳುತ್ತವೆ. ರಹಸ್ಯ ಬಯಲುಮಾಡುವುದು ಅತಿಚಾರವೆಂಬ ಶಾಸ್ತ್ರವಚನವೂ ಆಗ ನೆರವಿಗೆ ಬರುತ್ತದೆ. ಅದು ಶಾಸ್ತ್ರದ ದುರುಪಯೋಗ. ಚಾರ್ಲಿಯ ಮೌನ ಪೆಟ್ಟು ತಿನ್ನುವವನನ್ನು ಕಾಯುತ್ತಿತ್ತು, ಬಂಧುಗಳ ಮೌನ ಪೆಟ್ಟು ಕೊಟ್ಟವನನ್ನು ಕಾಯುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಾದರೆ ತಕ್ಕಡಿಯೇ ಸುಳ್ಳು. ಈ ದೇಶದಲ್ಲಿ 2012ರ ಪೋಕ್ಸೋ ಕಾಯಿದೆಯು ಮಕ್ಕಳ ಮೇಲಿನ ಇಂಥ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು ವಿಧಿಸಿದೆ, ತಿಳಿಸದವರಿಗೆ ಶಿಕ್ಷೆಯೂ ಇದೆ. ಅನುಮೋದನೆಯೆಂದು ಪೂರ್ವಾಚಾರ್ಯರು ಕರೆದುದರ ಒಂದಂಶ ಕಾನೂನಿನ ಪುಸ್ತಕಕ್ಕೆ ಬಂದದ್ದು ಬಹಳ ತಡವಾಗಿ.

ಕಾದಂಬರಿಯ ಮುಕ್ತಾಯ ಮಾತ್ರ ಪೂರ್ಣ ಸಮಾಧಾನ ಕೊಡುವುದಿಲ್ಲ. ಎಲೈಜಾ ತನ್ನ ಮನೆಗೇ ಬೆಂಕಿಯಿಡುತ್ತಾಳೆ. ಅದು ಬಾಲಕ್ರೋಧ, ನ್ಯಾಯವಲ್ಲ. ಜ್ಯಾಸ್ಪರ್ ಊರು ಬಿಟ್ಟು ಹೋಗುತ್ತಾನೆ. ಊರು ಅವನ ಮೇಲೆ ಆ ಬೆಂಕಿಯನ್ನೂ ಹೊರಿಸಲು ಸಿದ್ಧವಾಗಿದೆ. ಲಾರಾ ನೀರಿನಡಿಯಲ್ಲೇ ಉಳಿಯುತ್ತಾಳೆ. ಲೇಖಕನು ಮಕ್ಕಳಿಂದ ಆಲೋಚನೆ ಮಾಡಿಸಿದ, ಹಿರಿಯರಿಂದ ಮಾಡಿಸಲಿಲ್ಲ. ಬಹುಶಃ ಅಂಥ ಊರಿನಲ್ಲಿ ಹಿರಿಯರಿಂದ ಅದು ಸಾಧ್ಯವೆಂದು ಅವನಿಗೆ ತೋರಿರಲಿಕ್ಕಿಲ್ಲ.

ಕಾದಂಬರಿಯಾಚೆಯ 1965ರಲ್ಲಿ ನಡೆದದ್ದು ಬೇರೆ. ಆ ವರ್ಷದ ಫೆಬ್ರುವರಿಯಲ್ಲಿ ಚಾರ್ಲ್ಸ್ ಪರ್ಕಿನ್ಸ್ ಎಂಬ ಮೂಲನಿವಾಸಿ ತರುಣ ಸಿಡ್ನಿ ವಿಶ್ವವಿದ್ಯಾಲಯದ ಸಹಪಾಠಿಗಳೊಡನೆ ಬಸ್ಸೊಂದರಲ್ಲಿ ನ್ಯೂ ಸೌತ್ ವೇಲ್ಸ್‌ನ ಸಣ್ಣ ಊರುಗಳನ್ನು ಸುತ್ತಿದ. ಮೊರೀ ಎಂಬ ಊರಿನ ಈಜುಕೊಳದಲ್ಲಿ ಮೂಲನಿವಾಸಿಗಳಿಗೆ ನಿರ್ಬಂಧವಿತ್ತು. ಅದು ಗುಟ್ಟೂ ಆಗಿರಲಿಲ್ಲ, ಊರಿನವರೆಲ್ಲ ಒಪ್ಪಿ ನಡೆಸಿಕೊಂಡು ಬಂದ ವ್ಯವಸ್ಥೆ. ಪರ್ಕಿನ್ಸ್ ಮತ್ತು ಅವನ ಸಂಗಡಿಗರು ಅಲ್ಲಿನ ಮೂಲನಿವಾಸಿ ಮಕ್ಕಳನ್ನು ಕರೆದುಕೊಂಡು ಆ ಕೊಳದ ಬಾಗಿಲಿಗೆ ಹೋಗಿ ನಿಂತರು. ಊರವರು ಅವರ ಮೇಲೆ ಮೊಟ್ಟೆ, ಟೊಮೇಟೊ ಎಸೆದರು. ‘ಜ್ಯಾಸ್ಪರ್ ಜೋನ್ಸ್’ 2017ರಲ್ಲಿ ಚಲನಚಿತ್ರವಾಗಿ ತೆರೆಗೆ ಬಂದಾಗ ಅದನ್ನು ನಿರ್ದೇಶಿಸಿದವರು ಆ ಪರ್ಕಿನ್ಸರ ಮಗಳು ರೇಚೆಲ್.