ಮೇಣ ಕರಗಿದ ಮೇಲೆ

ಸುಂಕದಕಟ್ಟೆಯಿಂದ ಪೀಣ್ಯದ ಕಡೆಗೆ ನಡೆದರೆ ಲೇತ್, ಡೈ, ಪೌಡರ್ ಕೋಟಿಂಗ್ ಎಂಬ ಬೋರ್ಡುಗಳು ಸಾಲಾಗಿ ಸಿಗುತ್ತವೆ. ಇವುಗಳ ನಡುವೆ 'ಇನ್ವೆಸ್ಟ್‌ಮೆಂಟ್ ಕಾಸ್ಟಿಂಗ್' ಎಂಬ ಮಾತು ಕಿವಿಗೆ ಬಿದ್ದರೆ ಹೊಸಬರು ಶೇರು ವ್ಯವಹಾರ ಎಂದುಕೊಂಡಾರು. ಇಂಗ್ಲಿಷಿನ ಆ ಪದಕ್ಕೆ 'ಹೊದಿಸುವುದು' ಎಂಬ ಹಳೆಯ ಅರ್ಥವೂ ಇದೆ. ಮೇಣದ ಅಚ್ಚಿಗೆ ಮಣ್ಣು ಹೊದಿಸಿ, ಮೇಣವನ್ನು ಕರಗಿಸಿ ಹೊರಬಿಟ್ಟು, ಉಳಿದ ಖಾಲಿ ಜಾಗಕ್ಕೆ ಲೋಹ ಸುರಿಯುವ ಎರಕ ಅದು.

ನಮ್ಮ ಬೀದಿಯ ಹುಡುಗನೊಬ್ಬ ಇಂಥ ಕಾರ್ಖಾನೆಯ ಮೇಣದ ವಿಭಾಗದಲ್ಲಿ ದುಡಿಯುತ್ತಾನೆ. ಡೈಯೊಳಗೆ ಬಿಸಿ ಮೇಣ ಒತ್ತಿ ತೆಗೆದ ತುಂಡುಗಳನ್ನು ಒಂದು ಮೇಣದ ಕಂಬಕ್ಕೆ ಅಂಟಿಸುತ್ತಾರೆ. ಬಾಳೆಗೊನೆಯಂತೆ ಕಾಣುವ ಅದಕ್ಕೆ ಅವರ ಬಾಯಲ್ಲಿ 'ಟ್ರೀ' ಎಂದು ಹೆಸರು. ಅದನ್ನು ಗಂಜಿಯಂಥ ದ್ರವದಲ್ಲಿ ಅದ್ದಿ, ನುಣುಪು ಮರಳು ಉದುರಿಸಿ ಒಣಗಿಸಬೇಕು. ಹೀಗೆ ಏಳೆಂಟು ಸಲ. ಆಮೇಲೆ ಹಬೆಗಿಟ್ಟು ಮೇಣ ಇಳಿಸಿ, ಚಿಪ್ಪನ್ನು ಕೆಂಪಗೆ ಸುಟ್ಟು, ಕರಗಿದ ಲೋಹ ಹೊಯ್ಯುತ್ತಾರೆ. ಮೇಣದ ಮೇಲೆ ಉಗುರಿನ ಗೀರು ಬಿದ್ದರೆ ಉಕ್ಕಿನಲ್ಲೂ ಅದೇ ಗೀರು. "ದಿನವಿಡೀ ಮಗುವಿನ ಕೆನ್ನೆ ಮುಟ್ಟಿದ ಹಾಗೆ ಮುಟ್ಟಬೇಕು" ಎನ್ನುತ್ತಾನೆ ಅವನು.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದಿಂದ, ಎಂದರೆ ಈಗಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 'ಮಾನಸೋಲ್ಲಾಸ'ದಲ್ಲಿ ಇದರ ಪೂರ್ತಿ ವಿವರಣೆ ಇದೆ. ಗ್ರಂಥದ ಕಾಲ ಸುಮಾರು 1130. ಮಣ್ಣಿಗೆ ಸುಟ್ಟ ಹೊಟ್ಟು, ಹತ್ತಿಯ ಚೂರು, ಉಪ್ಪು ಬೆರೆಸಿ ಅರೆಯಬೇಕು, ಮೊದಲ ಲೇಪ ತೆಳ್ಳಗಿರಬೇಕು, ನೆರಳಲ್ಲೇ ಒಣಗಬೇಕು ಎಂದೆಲ್ಲ ಅಲ್ಲಿದೆ. ಮೇಣವನ್ನು ಮೊದಲೇ ತೂಗಿಡಬೇಕು. ಬೆಳ್ಳಿಯ ವಿಗ್ರಹವಾದರೆ ಮೇಣದ 12ರಷ್ಟು, ಚಿನ್ನವಾದರೆ 16ರಷ್ಟು ಲೋಹ. ಅರಮನೆಯ ಗ್ರಂಥದಲ್ಲಿ ಅಕ್ಕಸಾಲಿಗನ ಲೆಕ್ಕ! (ಅದೇ ಬೀದರ್ ಜಿಲ್ಲೆಯ ಬಿದ್ರಿಯೂ ಎರಕವೇ. ಆದರೆ ಅದರದು ಮಣ್ಣಿನ ಅಚ್ಚು, ಮೇಣಕ್ಕೆ ಅಲ್ಲಿ ಕೆಲಸವಿಲ್ಲ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಾಗ ಬಹಳ ಮಂದಿ ಎರಡನ್ನೂ ಬೆರೆಸಿಯೇ ಮಾತಾಡಿದರು.)

ಸೋಮೇಶ್ವರನ ಕಾಲದ ಕ್ರಮದಲ್ಲಿ ಒಂದು ಮೇಣಕ್ಕೆ ಒಂದೇ ವಿಗ್ರಹ. ಮಣ್ಣನ್ನು ಒಡೆದ ಮೇಲೆ ಅಂಥದ್ದೇ ಇನ್ನೊಂದು ಬೇಕೆಂದರೆ ಮತ್ತೆ ಮೊದಲಿಂದ ಮೇಣ ತಿದ್ದಬೇಕು. ವೈದ್ಯಕೀಯಕ್ಕೆ ಇದು ಒದಗಿ ಬಂದದ್ದೂ ಈ ಗುಣದಿಂದಲೇ. ಒಬ್ಬರ ಹಲ್ಲು ಇನ್ನೊಬ್ಬರ ಬಾಯಿಗೆ ಹೊಂದುವುದಿಲ್ಲವಲ್ಲ. ಅಮೆರಿಕದ ದಂತವೈದ್ಯ ವಿಲಿಯಂ ಟ್ಯಾಗರ್ಟ್ 1907ರಲ್ಲಿ ಹುಳುಕು ಹಲ್ಲಿನ ಕುಳಿಯ ಅಳತೆಗೇ ಮೇಣ ತೀಡಿ ಚಿನ್ನದ ಎರಕ ಹೊಯ್ಯುವುದನ್ನು ತೋರಿಸಿಕೊಟ್ಟರು. ಮುಂದೆ ದಂತವೈದ್ಯರು ಬಳಸುತ್ತಿದ್ದ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹವನ್ನೇ 1938ರಲ್ಲಿ ಬಾಸ್ಟನ್ನಿನ ಸ್ಮಿತ್-ಪೀಟರ್ಸನ್ ಸೊಂಟದ ಕೀಲಿಗೆ ಬಟ್ಟಲಾಗಿ ತೊಡಿಸಿದರು. ಬಾಯಿಯಿಂದ ಸೊಂಟಕ್ಕೆ, ಅಲ್ಲಿಂದ ಮಂಡಿಗೆ ಬಂತು ಈ ಲೋಹ.

ಮಂಡಿಯ ಸುದ್ದಿ ನಮ್ಮ ಮನೆಯದೂ ಹೌದು. ಅಮ್ಮಿ ವರ್ಷಗಟ್ಟಲೆ ಕುರ್ಚಿಯ ಮೇಲೆಯೇ ನಮಾಝ್ ಮಾಡುತ್ತಿದ್ದರು. ಮೆಟ್ಟಿಲಿಳಿಯುವುದೆಂದರೆ ಅವರಿಗೆ ಒಂದು ಪ್ರಯಾಣ. ಶಸ್ತ್ರಚಿಕಿತ್ಸೆಗೆ ಮುಂಚೆ ಡಾಕ್ಟರು ಹೊಳೆಯುವ ಮಾದರಿಯೊಂದನ್ನು ಕೈಗೆ ಕೊಟ್ಟಾಗ ಅವರು ಅದನ್ನು ತಿರುವಿ ನೋಡಿ ಕೇಳಿದರು: "ಇದು ನನ್ನ ಅಳತೆಗೆ ಮಾಡಿದ್ದಾ ಡಾಕ್ಟ್ರೇ?"

"ನಾಲ್ಕಾರು ಸೈಝು ಇರ್ತವೆ ಅಮ್ಮಾ. ಹತ್ತಿರದ್ದು ಹಾಕ್ತೀವಿ. ಮೂಳೆಯನ್ನ ಅದಕ್ಕೆ ಸರಿಯಾಗಿ ಕತ್ತರಿಸ್ಕೋತೀವಿ."

ಕುಪ್ಪಸಕ್ಕೂ ಅಳತೆ ಕೊಡದೆ ಬಿಡದ ಅಮ್ಮಿಗೆ ಈ ಉತ್ತರ ಹಿಡಿಸಲಿಲ್ಲ. ನನಗಾದರೋ ಬೆಲೆಯದೇ ಚಿಂತೆ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಬೆಲೆ ಪ್ರಾಧಿಕಾರವು ಸರಾಸರಿ ಒಂದೂವರೆ ಲಕ್ಷ ದಾಟಿದ್ದ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ 54,720 ರೂಪಾಯಿಯ ಮಿತಿ ಹಾಕಿತು. ಜಿ.ಎಸ್.ಟಿ. ಬೇರೆ. ಅದಕ್ಕೆ ಮುಂಚೆ ನಮ್ಮಂಥವರು ಈ ಮಾತನ್ನು ಎತ್ತುವಂತೆಯೇ ಇರಲಿಲ್ಲ. ಒಂದೇ ಡೈಯಿಂದ ನೂರಾರು ಮೇಣ ಬರುವುದರಿಂದಲೇ ವಸ್ತು ಇಷ್ಟಕ್ಕಾದರೂ ಸಿಗುತ್ತದೆ ಎಂಬುದನ್ನೂ ಒಪ್ಪಬೇಕು. ಅಮ್ಮಿ ಈಗ ಸಂತೆಗೆ ತಾವೇ ನಡೆದು ಹೋಗುತ್ತಾರೆ. ನಮಾಝ್ ಮಾತ್ರ ಇಂದಿಗೂ ಕುರ್ಚಿಯ ಮೇಲೆಯೇ. ನೆಲಕ್ಕೆ ಕೂರಬೇಡಿ ಎಂದಿದ್ದಾರೆ.

ಅಮ್ಮಿಯ ಪ್ರಶ್ನೆ ಹುಚ್ಚು ಪ್ರಶ್ನೆಯೇನಲ್ಲ. ಸ್ಕ್ಯಾನಿನ ಅಳತೆಯಿಂದ ಪ್ರಿಂಟರೇ ಮೇಣದ ಅಚ್ಚು ಕಟ್ಟುವುದು ಈಗ ಸಾಧ್ಯವಾಗಿದೆ. ದವಡೆಯ ಚೌಕಟ್ಟು, ಒಡವೆ, ಶಿಲ್ಪಿಯ ಕಲಾಕೃತಿ ಹೀಗೆ ಬರುತ್ತಿವೆ. ಒಬ್ಬರಿಗಾಗಿಯೇ ಎರೆದ ಮಂಡಿಯೂ ಅಮೆರಿಕದಲ್ಲಿ ಬಂದಿದೆ. ಡೈ ಬೇಕಿಲ್ಲ. ಮತ್ತೆ ಒಂದು ಮೇಣಕ್ಕೆ ಒಂದೇ ವಸ್ತು.

ಇದನ್ನು ನಮ್ಮ ಬೀದಿಯ ಹುಡುಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಡೈ ಬೇಡ ಅಂದ್ರೆ ಮೇಣ ಒತ್ತೋ ನಾವೂ ಬೇಡ ಅಂತಾಯ್ತಲ್ಲ ಭಾಯ್" ಎಂದ. ಟ್ರೀಗೆ ಅಂಟಿಸಲು, ಗಂಜಿಗೆ ಅದ್ದಲು ಕೈ ಬೇಕಲ್ಲವೇ ಎಂದೆ. "ಬೇಕು, ಆದ್ರೆ ಎಷ್ಟು ಕೈ?" ಎಂದು ಕೇಳಿ, ಎರಡನೇ ಪಾಳಿಗೆ ಹೊತ್ತಾಯಿತೆಂದು ಸೈಕಲ್ ಹತ್ತಿದ.