ಐಸಿಯುನಿಂದ ಮನೆಗೆ ಬಂದ ಮೇಲೆ

ಆಸ್ಪತ್ರೆಯಿಂದ ಮನೆಗೆ ಕಳಿಸಿದರು ಅಂದರೆ ಊರಿನ ಲೆಕ್ಕದಲ್ಲಿ ಮನುಷ್ಯ ಆರಾಮ ಆದಂತೆ. 19 ದಿನ ಐಸಿಯುನಲ್ಲಿ, ಮತ್ತೊಂದು ವಾರ ವಾರ್ಡಿನಲ್ಲಿ ಇದ್ದು ನಮ್ಮ ಅಣ್ಣ ಹುಬ್ಬಳ್ಳಿಯಿಂದ ಬಂದ ದಿನ ಪಡಸಾಲೆ ತುಂಬ ಮಂದಿ. ಯಾರೋ ಎಳನೀರು ತಂದಿದ್ದರು, ಯಾರೋ ಗುಡಿಯ ಅಂಗಾರ. "ಸತ್ತು ಹುಟ್ಟಿ ಬಂದಿ ನೋಡಪಾ" ಅಂದರು. ಎಲ್ಲರೂ ಎದ್ದು ಹೋದ ಮೇಲೆ ಅಣ್ಣ ಬಚ್ಚಲಿಗೆ ಹೋಗಲು ಕಾಲು ಕೆಳಗಿಟ್ಟ. ಕಾಲು ನಿಲ್ಲಲಿಲ್ಲ. ಒಂದು ಕಡೆ ವೈನಿ, ಒಂದು ಕಡೆ ನಾವು ಹಿಡಿದುಕೊಂಡೆವು. ನಮ್ಮ ನಿಜವಾದ ಕೆಲಸ ಶುರುವಾದದ್ದು ಆಗ.

ರೋಗ ಯಾವುದು ಅಂತ ಮೊದಲು ಹೇಳಿಬಿಡುತ್ತೇವೆ. ಹೊಲದಲ್ಲಿ ದುಡಿಯುವವರಿಗೆ ಅದು ಗೊತ್ತಿರಬೇಕು. ಗೋವಿನಜೋಳ ಮುರಿದು, ಬದುವಿನ ಹುಲ್ಲು ಕೊಯ್ದ ಹತ್ತು ದಿನಕ್ಕೆ ಅಣ್ಣನಿಗೆ ಚಳಿಜ್ವರ ಬಂತು. ಗುಳಿಗೆ ಆಯಿತು, ಸಲೈನ್ ಆಯಿತು, ಟೈಫಾಯಿಡ್ ಇರಬಹುದು ಅಂದರು. ಎಂಟನೇ ದಿನ ಉಸಿರು ಹಿಡಿಯಿತು. 108ಕ್ಕೆ ಫೋನ್ ಮಾಡಿದೆವು. ಹುಬ್ಬಳ್ಳಿಯಲ್ಲಿ ಮೈ ಪೂರ್ತಿ ತಿರುವಿ ನೋಡಿದ ಒಬ್ಬ ಡಾಕ್ಟರಿಗೆ ಕಂಕುಳಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಕಂಡಿತು. ಸ್ಕ್ರಬ್ ಟೈಫಸ್ ಅಂದರು. ಪೊದೆ, ಹುಲ್ಲಿನಲ್ಲಿ ಇರುವ, ಕಣ್ಣಿಗೆ ಕಾಣುವುದೇ ಕಷ್ಟವಾದ ನುಸಿಯ ಮರಿ ಕಚ್ಚಿ ಬರುವ ಜ್ವರ ಇದು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬೇಗ ಗೊತ್ತಾದರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಗುಳಿಗೆಗೇ ಹೋಗುತ್ತದೆ. ತಡವಾದರೆ ಶ್ವಾಸಕೋಶ, ಕಿಡ್ನಿ ಎಲ್ಲ ಹಿಡಿಯುತ್ತದೆ. ಕಪ್ಪು ಕಲೆ ಎಲ್ಲರಿಗೂ ಇರುವುದಿಲ್ಲ. ಆದರೂ ಹೊಲಕ್ಕೆ ಹೋಗಿಬಂದವರಿಗೆ ಬಿಡದ ಜ್ವರ ಬಂದರೆ ಕಂಕುಳು, ತೊಡೆಸಂದು, ಸೊಂಟ ನೋಡಿ, ಡಾಕ್ಟರಿಗೆ ಹೊಲದ ಮಾತು ಹೇಳಿ.

ಅಣ್ಣ 12 ದಿನ ವೆಂಟಿಲೇಟರ್ ಮೇಲಿದ್ದ. ನಡುವೆ ಎರಡು ಸಲ ಡಯಾಲಿಸಿಸ್ ಆಯಿತು. ಉಳಿಸಿದರು, ಅದಕ್ಕೆ ಆ ಡಾಕ್ಟರಿಗೆ, ಸಿಸ್ಟರುಗಳಿಗೆ ಎಷ್ಟು ಕೈ ಮುಗಿದರೂ ಸಾಲದು. ಆದರೆ ಡಿಸ್ಚಾರ್ಜ್ ಕಾಗದದಲ್ಲಿ ಇದ್ದದ್ದು ಗುಳಿಗೆಗಳ ಹೆಸರು ಮತ್ತು ಹದಿನೈದು ದಿನ ಬಿಟ್ಟು ಬನ್ನಿ ಎಂಬ ಮಾತು. ಮುಂದೆ ಏನೇನು ಕಾದಿದೆ ಎಂಬುದು ಅದರಲ್ಲಿ ಇರಲಿಲ್ಲ.

ತೂಕ 68 ಕಿಲೋದಿಂದ 53ಕ್ಕೆ ಇಳಿದಿತ್ತು. ಚೀಲ ಹೊರುತ್ತಿದ್ದ ಮನುಷ್ಯನ ತೊಡೆ ನಮ್ಮ ಮುಂಗೈಯಷ್ಟು ಕಾಣುತ್ತಿತ್ತು. ಇಷ್ಟು ಬೇಗ ಹೇಗೆ ಕರಗಿತು ಅಂತ ನಾವು ಓದಿ ನೋಡಿದೆವು. ಲಂಡನ್ನಿನಲ್ಲಿ ಐಸಿಯು ರೋಗಿಗಳ ತೊಡೆಯನ್ನು ಸ್ಕ್ಯಾನ್ ಮಾಡಿ ಅಳೆದು 2013ರಲ್ಲಿ ವರದಿ ಬರೆದಿದ್ದಾರೆ. ಹತ್ತೇ ದಿನದಲ್ಲಿ ಸ್ನಾಯುವಿನ ಅಡ್ಡ ಸೀಳಿನ ವಿಸ್ತೀರ್ಣ ಸರಾಸರಿ ಶೇ 17ಕ್ಕಿಂತ ಹೆಚ್ಚು ಕುಗ್ಗಿತ್ತಂತೆ. ಹಾಗಾಗಿ "ತಿಂದು ಮಲಗಲಿ, ತಾಕತ್ತು ಬರ್ತದ" ಎಂಬ ಊರ ಮಾತು ಇಲ್ಲಿ ನಡೆಯುವುದಿಲ್ಲ. ಎಬ್ಬಿಸಬೇಕು. ಮೊದಲ ವಾರ ಕುರ್ಚಿಯಿಂದ ಐದು ಸಲ ಏಳುವುದು, ಕೂಡುವುದು. ಎರಡನೇ ವಾರ ಹಿತ್ತಲಿನ ತನಕ. ಹನುಮಪ್ಪನ ಗುಡಿ ತನಕ ಹೋಗಿಬರಲು ಒಂದೂವರೆ ತಿಂಗಳು ಹಿಡಿಯಿತು.

ನೀರು ಕುಡಿದರೆ ಕೆಮ್ಮು ಬರುತ್ತಿತ್ತು. ಗಂಟಲಲ್ಲಿ ಅಷ್ಟು ದಿನ ನಳಿಕೆ ಇದ್ದವರಿಗೆ ನುಂಗುವುದೇ ಮರೆತಂತೆ ಆಗಿರುತ್ತದೆ. ತೆಳ್ಳಗಿನ ನೀರಿಗಿಂತ ಗಟ್ಟಿ ಗಂಜಿ ಸಲೀಸು. ನೆಟ್ಟಗೆ ಕೂಡಿಸಿ, ಗದ್ದ ಎದೆಯ ಕಡೆ ಬಗ್ಗಿಸಿ, ಸಣ್ಣ ಸಣ್ಣ ಗುಟುಕು ಕೊಡಿ ಅಂತ ವಾರ್ಡಿನಲ್ಲಿ ಫಿಸಿಯೋಥೆರಪಿಯ ಹುಡುಗಿ ಹೇಳಿಕೊಟ್ಟಿದ್ದಳು. ಮೊಟ್ಟೆ ಕೊಡಿ ಅಂತಲೂ ಹೇಳಿದ್ದಳು. ನಮ್ಮದು ಮೊಟ್ಟೆ ಒಳಗೆ ಬರದ ಮನೆ. ಅವ್ವ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ ತಾನೇ ಬೇಯಿಸಿದಳು, ಮುಖ ಆ ಕಡೆ ತಿರುಗಿಸಿಕೊಂಡು.

ಇದೆಲ್ಲ ಕಣ್ಣಿಗೆ ಕಾಣುವುದು. ಕಾಣದ್ದು ಬೇರೆಯೇ ಇತ್ತು. ಒಂದು ರಾತ್ರಿ ಅಣ್ಣ ಎದ್ದು ಕೂತು ಹೇಳಿದ: "ಅವ್ರು ನನ್ನ ಕಿಡ್ನಿ ತಗೊಂಡಾರ. ಕೈ ಕಟ್ಟಿಹಾಕಿದ್ರು. ನೀವೆಲ್ಲಾ ಬಾಗಿಲದಾಗ ನಿಂತು ನೋಡಾಕತ್ತಿದ್ರಿ, ಒಬ್ರೂ ಒಳಗ ಬರ್ಲಿಲ್ಲ." ಮನೆಗೆ ಬಂದು ಮೂರು ವಾರ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ. ನಮ್ಮ ಮೇಲೆ ಸಿಟ್ಟು ಯಾಕೆ, ಮುಖ ಕೊಟ್ಟು ಯಾಕೆ ಮಾತಾಡುವುದಿಲ್ಲ ಅಂತ ಆಗ ತಿಳಿಯಿತು. ಸೋದರಮಾವ ಗಾಳಿ ಸೋಕಿದೆ, ತಾಯಿತ ಕಟ್ಟಿಸೋಣ ಅಂದರು. ಹಳೇ ಮಂದಿ ಸನ್ನಿ ಅನ್ನುತ್ತಿದ್ದರಲ್ಲ, ಅದು ಇದು. ಡಾಕ್ಟರು ಡೆಲಿರಿಯಂ ಅನ್ನುತ್ತಾರೆ. ನಿದ್ದೆಯ ಔಷಧ, ಜ್ವರ, ಹಗಲು ರಾತ್ರಿ ಒಂದೇ ಆದ ಬೆಳಕು, ಯಂತ್ರಗಳ ಸದ್ದು ಎಲ್ಲ ಸೇರಿ ತಲೆಯೊಳಗೆ ಬೇರೆಯೇ ಕಥೆ ಕಟ್ಟುತ್ತದೆ. ಮಜಾ ಅಂದರೆ, ನಡೆದದ್ದು ನೆನಪಿರುವುದಿಲ್ಲ, ನಡೆಯದ್ದು ಮಾತ್ರ ಅಚ್ಚೊತ್ತಿದ ಹಾಗೆ ಉಳಿಯುತ್ತದೆ.

ಸುದ್ದಿಯವರ ಚಟದಿಂದ ಆ 19 ದಿನವೂ ಐಸಿಯು ಹೊರಗಿನ ಕಟ್ಟೆಯ ಮೇಲೆ ಕೂತು ನಮ್ಮ ನೋಟ್‌ಬುಕ್ಕಿನಲ್ಲಿ ಬರೆದಿದ್ದೆವು. ಔಷಧದ ಖರ್ಚು, ಡಾಕ್ಟರು ಹೇಳಿದ್ದು, ಯಾರು ಬಂದರು, ಎಷ್ಟು ಹೊತ್ತಿಗೆ ಒಳಗೆ ಬಿಟ್ಟರು. ಅದನ್ನು ದಿನಕ್ಕೊಂದು ಪುಟದಂತೆ ಅಣ್ಣನಿಗೆ ಓದಿ ಹೇಳತೊಡಗಿದೆವು. "ಏಳನೇ ದಿನ. ನಳಿಕೆ ಕಿತ್ತುಕೊಳ್ಳಲು ಹೋಗಿದ್ದನಂತೆ, ಅದಕ್ಕೆ ಕೈಯನ್ನು ಮೆತ್ತನೆ ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದಾರೆ. ಐದು ನಿಮಿಷ ಒಳಗೆ ಬಿಟ್ಟರು. ವೈನಿ ಪಾದ ಒತ್ತಿದರು." ಅಣ್ಣ ತಡೆದು ಕೇಳಿದ, "ಪಾದ ಒತ್ತಿದ್ಳಾ? ನಾ ಕಾಲುವ್ಯಾಗ ನಿಂತೀನಿ ಅಂದ್ಕೊಂಡಿದ್ದೆ." ಡಯಾಲಿಸಿಸ್ ದಿನದ ಪುಟ ಎರಡು ಸಲ ಓದಿಸಿದ. ಆಮೇಲೂ ನಂಬಿಕೆ ಬರಲಿಲ್ಲ. ತಾಲ್ಲೂಕಿನಲ್ಲಿ ಸ್ಕ್ಯಾನ್ ಮಾಡಿಸಿ, ಪರದೆಯ ಮೇಲೆ ಎರಡೂ ಕಿಡ್ನಿ ತೋರಿಸಿದ ಮೇಲೆ ಆ ಮಾತು ನಿಂತಿತು. ಸ್ವೀಡನ್, ಡೆನ್ಮಾರ್ಕ್, ನಾರ್ವೆ ಕಡೆ ಎಷ್ಟೋ ಐಸಿಯುಗಳಲ್ಲಿ ನರ್ಸುಗಳೇ ರೋಗಿಗಾಗಿ ಇಂಥ ಡೈರಿ ಬರೆದಿಡುತ್ತಾರೆ ಅಂತ ಆಮೇಲೆ ಓದಿದೆವು. ನಮ್ಮ ಕಡೆ ಹೊರಗೆ ಕಾಯುವ ಮನೆಮಂದಿ ಒಂದು ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಇಟ್ಟುಕೊಂಡರೂ ಆದೀತು.

ಲೆಕ್ಕದಲ್ಲಿ ಅಣ್ಣ ಗಟ್ಟಿಗ. ಸೊಸೈಟಿ ಸಾಲ, ಗೊಬ್ಬರದ ಉದ್ರಿ ಎಲ್ಲ ಬಾಯಲ್ಲೇ ಹೇಳುತ್ತಿದ್ದ. ಈಗ ಇನ್ನೂರು ರೂಪಾಯಿ ಚಿಲ್ಲರೆ ಎಣಿಸುವಾಗ ತಪ್ಪುತ್ತಾನೆ, ಸಿಟ್ಟಾಗುತ್ತಾನೆ. ಅಮೆರಿಕದಲ್ಲಿ 821 ಐಸಿಯು ರೋಗಿಗಳ ಅಧ್ಯಯನ ನಡೆದು 2013ರಲ್ಲಿ ಪ್ರಕಟವಾಗಿದೆ. ಒಂದು ವರ್ಷದ ಮೇಲೂ ಪರೀಕ್ಷೆ ಮಾಡಿದವರಲ್ಲಿ ಸುಮಾರು ಮೂವರಿಗೆ ಒಬ್ಬರ ನೆನಪು, ಯೋಚನೆ ತಲೆಗೆ ಸಾಧಾರಣ ಪೆಟ್ಟು ಬಿದ್ದವರ ಮಟ್ಟದಲ್ಲಿ ಇತ್ತು. ಇದಕ್ಕೆಲ್ಲ ಸೇರಿಸಿ ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್ ಎಂಬ ಹೆಸರೇ ಇದೆ. ಅಣ್ಣನಿಗೆ ಇದನ್ನು ಹೇಳಿದಾಗ, "ಹಂಗಾದ್ರ ನಾ ಹುಚ್ಚ ಅಲ್ಲ?" ಅಂದ.

ಆ ಹೆಸರಿನಲ್ಲಿ ಮನೆಮಂದಿಯ ಪಾಲೂ ಇದೆ. ವೈನಿ ರಾತ್ರಿ ಮೂರು ನಾಲ್ಕು ಸಲ ಎದ್ದು ಅಣ್ಣನ ಎದೆಯ ಮೇಲೆ ಕೈಯಿಟ್ಟು ಉಸಿರು ನೋಡುತ್ತಿದ್ದರು. ಮೊಬೈಲ್ ಕೀಂ ಅಂದರೂ ಬೆವರುತ್ತಿದ್ದರು. ಇಬ್ಬರನ್ನೂ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಹೋಗಲು ಆಗದವರಿಗೆ ಟೆಲಿ ಮಾನಸ್ ಇದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆಸ್ಪತ್ರೆಯದು ಬಹುಪಾಲು ಅದರಲ್ಲಿ ಆಯಿತು. ಮನೆಗೆ ಬಂದ ಮೇಲಿನದು ನಮ್ಮದೇ. ಮೊಟ್ಟೆ, ಹಾಲು, ಗಾಡಿ ಬಾಡಿಗೆ, ದುಡಿಯುವ ಒಬ್ಬ ಮನುಷ್ಯನ ಕೂಲಿ. ಮೂರು ಎಕರೆ ಲಾವಣಿಗೆ ಕೊಟ್ಟೆವು.

ಈಗ ಐದು ತಿಂಗಳು. ನಡುವೆ ಕೂದಲು ಹಿಡಿಹಿಡಿಯಾಗಿ ಉದುರಿ ಮತ್ತೆ ಬಂದಿದೆ. ಕೈಯ ಹತ್ತೂ ಉಗುರಿನಲ್ಲಿ ಅಡ್ಡ ಒಂದೊಂದು ಗೆರೆ ಬಿದ್ದಿತ್ತು, ಜ್ವರದಲ್ಲಿ ಉಗುರು ಬೆಳೆಯದೆ ನಿಂತ ಗುರುತು. ಅದು ತುದಿಗೆ ಬಂದಿದೆ. ತೂಕ 61. ಅರ್ಧ ದಿನ ಹೊಲದಲ್ಲಿ ಇರುತ್ತಾನೆ, ಮಧ್ಯಾಹ್ನ ಮಲಗಲೇಬೇಕು. ಸೊಸೈಟಿ ಲೆಕ್ಕ ವೈನಿಯ ಕೈಯಲ್ಲಿದೆ, ಅವರೂ ಬಿಡುವ ಹಾಗೆ ಕಾಣುವುದಿಲ್ಲ. ಮುಂಗಾರಿಗೆ ಹೊಲ ಬಿಡಿಸಿಕೊಳ್ಳೋಣ ಅನ್ನುತ್ತಾನೆ ಅಣ್ಣ. ಇನ್ನೊಂದು ವರ್ಷ ಹೋಗಲಿ ಅನ್ನುತ್ತಾರೆ ವೈನಿ. ಲಾವಣಿ ಹಿಡಿದವರು ಈ ವಾರದೊಳಗೆ ಒಂದು ಮಾತು ಹೇಳಿ ಅಂದಿದ್ದಾರೆ.